ಗುಡಾರದ ಖಾಲಿ ಅರ್ಧ

ಅಧ್ಯಾಯ ಒಂಬತ್ತು

ಬೀಗಕ್ಕೆ ಒತ್ತಿದ್ದ ಅರಗು ಬಿರುಕು ಬಿಟ್ಟಿರಲಿಲ್ಲ. ದಾರವೂ ಹಾಗೆಯೇ ಇತ್ತು. ಠಾಣೆಯ ಅಧಿಕಾರಿ ಶುಐಬ್ ತಾನೇ ಹಾಕಿದ ಮೊಹರನ್ನು ತಾನೇ ಒಡೆದು ಒಳಗೆ ಹೋದ. ಕೋಣೆ ತುಂಬ ನಿಂತಿದ್ದ ಕಪ್ಪು ಗುಡಾರದ ಜಿಪ್ಪನ್ನು ಕೆಳಗಿನಿಂದ ಮೇಲಕ್ಕೆ ಎಳೆದವನು, ಕೈ ಅಲ್ಲೇ ಬಿಟ್ಟು ನಿಂತುಬಿಟ್ಟ.

ಒಳಗೆ ಗಾಂಜಾ ಗಿಡಗಳು ಬದುಕಿದ್ದವು.

ನೀರಿಲ್ಲದೆ ಒಣಗಿ ಕಡ್ಡಿಯಾಗಿರುತ್ತವೆ ಎಂದುಕೊಂಡೇ ಅವನು ಬಂದಿದ್ದ. ಇವುಗಳನ್ನು ಬೆಳೆಸಿದ ಫದೀಲಾಳ ಹೆಣ ಮೆಟ್ಟಿಲು ಹೊಲಗಳ ಕೆಳಗೆ ಸಿಕ್ಕಿ, ಅವಳ ಮೈದುನ ಬೂಶ್ತಾನನ್ನು ಠಾಣೆಗೆ ಎಳೆದು ತಂದ ದಿನದಿಂದ ಈ ಬಾಗಿಲು ಯಾರೂ ತೆರೆದಿರಲಿಲ್ಲ. ತೂಗುಹಾಕಿದ್ದ ದೀಪವೇನೋ ತಾನಾಗಿ ಹತ್ತಿ ತಾನಾಗಿ ಆರುವಂಥದ್ದು. ಆದರೆ ನೀರು ತಾನಾಗಿ ಬರುವುದಿಲ್ಲವಲ್ಲ.

ಕುಂಡಗಳ ಮಣ್ಣು ಒದ್ದೆಯಾಗಿತ್ತು. ಒಂದೊಂದು ಕುಂಡದ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ. ಅಗಲದ ದೊಡ್ಡ ಎಲೆಗಳನ್ನು ಚಿವುಟಿ ತೆಗೆದಿದ್ದರು. ಕೊಂಬೆಗಳನ್ನು ಹೊರಕ್ಕೆ ಬಗ್ಗಿಸಿ, ಕೆಂಪು ಬಿಳಿ ಪಟ್ಟೆಯ ಹಳೇ ಬಟ್ಟೆಯ ಚೂರಿನಿಂದ ಕಟ್ಟಿದ್ದರು. ಬೆಳಕು ಬುಡದವರೆಗೂ ಇಳಿಯುತ್ತಿತ್ತು, ಮೂಲೆಯ ಸಣ್ಣ ಫ್ಯಾನಿನ ಗಾಳಿ ಎಲ್ಲ ಎಲೆಯನ್ನೂ ಮುಟ್ಟಿ ಬರುತ್ತಿತ್ತು.

ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ಅವನಿಗೆ ಸರಿಬರಲಿಲ್ಲ.

"ಏನ್ ಸಾರ್, ಗಿಡ ಸತ್ತು ನಾರುತ್ತೆ ಅಂದಿದ್ರಿ, ಮದುವೆ ಮನೆ ವಾಸನೆ ಬರ್ತಿದೆ?" ಬಾಗಿಲ ಹೊರಗಿನಿಂದ ಜೀಪಿನ ಚಾಲಕ ಲರ್ಬಿ ಇಣುಕಿದ. ಬಯಲುಸೀಮೆಯ ಗೋಧಿ ಹೊಲದ ಕಡೆಯವನು. ಈ ಬೆಟ್ಟಕ್ಕೆ ಬಂದು ಇಷ್ಟು ವರ್ಷವಾದರೂ ಗಾಂಜಾ ಎಂದರೆ ಅವನಿಗೆ ಇನ್ನೂ ನಗು ಬರುತ್ತಿತ್ತು.

"ನೀನು ಜೀಪಿನ ಹತ್ರ ಹೋಗು."

"ಸರ್ಕಾರಿ ಪರವಾನಗಿ ಇರೋ ಗಿಡ. ಮೂಸಿದ್ರೆ ತಪ್ಪೇನು?"

"ಲರ್ಬಿ."

ಆ ದನಿ ಕೇಳಿ ಲರ್ಬಿ ಹೊರಟುಹೋದ.

ಶುಐಬ್ ಗುಡಾರದ ಬಾಯಲ್ಲೇ ಕುಕ್ಕರಗಾಲಲ್ಲಿ ಕೂತ. ಫದೀಲಾ ಸತ್ತ ದಿನ ಇದೇ ಜಿಪ್ ಎಳೆದು ಅವನು ಒಳಗೆ ತಲೆ ಹಾಕಿದ್ದ. ಅವತ್ತು ಗಿಡಗಳು ಹೀಗಿರಲಿಲ್ಲ. ಇರುವ ಕುಂಡವನ್ನೆಲ್ಲ ಬಾಗಿಲ ಕಡೆಯ ಅರ್ಧಕ್ಕೇ ಒತ್ತರಿಸಿ ಇಟ್ಟಿದ್ದರು, ಸಂತೆಗೆ ಹೋಗುವ ಬಸ್ಸಿನ ಹಾಗೆ. ಒಂದರ ಮೇಲೊಂದು ಬಿದ್ದು, ಕೆಳಗಿನ ಎಲೆ ಹಳದಿಯಾಗಿ, ನಡುವಿನ ಹೂಗಳಿಗೆ ಬೂಷ್ಟು ಹಿಡಿದಿತ್ತು. ಆ ಹಸಿರು ಗೋಡೆಯ ಆಚೆ ಏನಿದೆ ಎಂದು ಅವನು ನೋಡಲಿಲ್ಲ. ನೋಡಬೇಕು ಅನ್ನಿಸಲಿಲ್ಲ. ಅಂಗಳದಲ್ಲಿ ಬಿಳಿ ಬಟ್ಟೆ ಹೊದಿಸಿದ ಹೆಣ ಇತ್ತು, ಅವನ ಮನಸ್ಸೆಲ್ಲ ಅಲ್ಲಿತ್ತು.

ಊರು ಆಗಲೇ ಕಾರಣ ಹೇಳಿ ಮುಗಿಸಿತ್ತು: ವಿಧವೆಯ ಆಸೆಬುರುಕುತನ. ಬೆಳೆಗಾರರ ಸಂಘದವರು ಔಷಧಿಯ ತಳಿ ಬೆಳೆಸಿ ನೋಡು ಎಂದು ಗುಡಾರ ಕೊಟ್ಟರೆ, ಇವಳು ಅದರಲ್ಲಿ ಹೊಲದ ಬೆಳೆ ತೆಗೆಯಲು ಹೊರಟಿದ್ದಳು. ಅದಕ್ಕೇ ಮೈದುನನಿಗೂ ಅವಳಿಗೂ ಜಗಳ. "ಅರ್ಧ ಗಿಡ ಕಿತ್ತು ಬಿಸಾಕು, ಇಲ್ಲಾಂದ್ರೆ ನಿನ್ನನ್ನೇ ಕಿತ್ತು ಬಿಸಾಕ್ತೀನಿ" ಎಂದು ಬೂಶ್ತಾ ಕೂಗಿದ್ದು ನೆರೆಮನೆಯವರ ಕಿವಿಗೆ ಬಿದ್ದಿತ್ತು.

ಆ ಒಂದು ಮಾತಿನ ಮೇಲೆಯೇ ಅವನನ್ನು ಹಿಡಿದದ್ದು. ಆ ಒಂದು ಮಾತು ಸಾಲದು ಎಂದೇ ಈ ಬೆಳಿಗ್ಗೆ ಬಿಟ್ಟದ್ದು. ಕಾಲು ಜಾರಿಯೂ ಬಿದ್ದಿರಬಹುದು ಎಂದು ವೈದ್ಯರು ಹೇಳಿದ್ದರು. ಗಿಡದ ಜಗಳಕ್ಕೆ ಯಾರೂ ಹೆಂಗಸನ್ನು ಕೊಲ್ಲುವುದಿಲ್ಲ ಎಂದು ಶುಐಬ್ ಹೇಳಿದ್ದ. ಹೇಳಿ, ಸಹಿ ಹಾಕಿದ್ದ.

ಆ ಸುದ್ದಿಯನ್ನು ಬೂಶ್ತಾನ ತಾಯಿಗೆ ತಾನೇ ಮುಟ್ಟಿಸೋಣ ಎಂದು ಬಂದವನು ಅವನು. ಹಿರೀಮಗ ಇದ್ರೀಸನನ್ನು ಕಲ್ಲುಗಣಿಗೆ ಕೊಟ್ಟವಳು ಯಮಿನಾ. ಆಮೇಲೆ ಅವನ ಹೆಂಡತಿ ಫದೀಲಾಳನ್ನೂ ಮಣ್ಣು ಮಾಡಿದವಳು. ಒಂದಾದರೂ ಒಳ್ಳೆಯ ಸುದ್ದಿ ಅವಳ ಕಿವಿಗೆ ಬೀಳಲಿ ಎಂದಿತ್ತು ಅವನಿಗೆ. ಈಗ ಸ್ವಲ್ಪ ಮುಂಚೆ ಅಂಗಳಕ್ಕೆ ಕಾಲಿಟ್ಟಾಗ ಅವಳು ಹುಲ್ಲಿನ ಹೊರೆ ಇಳಿಸಿ, ಕುಡುಗೋಲನ್ನು ಆಡಿನ ಕೊಟ್ಟಿಗೆಯ ಕಂಬದ ಗೂಟಕ್ಕೆ ನೇತುಹಾಕುತ್ತಿದ್ದಳು.

"ಬೂಶ್ತಾನ್ನ ಬಿಟ್ಟಿದೀವಮ್ಮ. ಮಧ್ಯಾಹ್ನದ ಟ್ಯಾಕ್ಸೀಲಿ ಬರ್ತಾನೆ" ಎಂದಿದ್ದ.

ಅವಳು ಎದೆ ಬಡಿದುಕೊಂಡು ಅಳುತ್ತಾಳೆ, ಇಲ್ಲವೇ ಖುಷಿಗೆ ನಾಲಿಗೆ ಹೊರಳಿಸಿ ಕೂಗಿ ಇಡೀ ಓಣಿಗೆ ಕೇಳಿಸುತ್ತಾಳೆ ಎಂದುಕೊಂಡಿದ್ದ. ಯಮಿನಾ ಕೈಯನ್ನು ಸೊಂಟದ ಬಟ್ಟೆಗೆ ಒರೆಸಿಕೊಂಡಳು.

"ಯಾರ ಟ್ಯಾಕ್ಸೀಲಿ?" ಎಂದು ಮಾತ್ರ ಕೇಳಿದಳು.

ಆಗ ಅದು ಅವನಿಗೆ ಮುದುಕಿಯ ಮರುಳಿನ ಹಾಗೆ ಕಂಡಿತ್ತು. ಈಗ ಗುಡಾರದ ಬಾಯಲ್ಲಿ ಕೂತವನಿಗೆ ಹಾಗೆ ಕಾಣಲಿಲ್ಲ.

ನೆಲಕ್ಕೆ ಹಾಸಿದ್ದ ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಅವನು ನೋಡಿದ. ಬಾಗಿಲ ಕಡೆಯ ಅರ್ಧದಲ್ಲಿ ಹಳೇ ಕುಂಡಗಳ ಉಂಗುರದ ಕಲೆ ಒಂದರ ಮೇಲೊಂದು ಬಿದ್ದಿದ್ದವು. ಹಿಂದಿನ ಅರ್ಧದಲ್ಲಿ ಹಳೇ ಕಲೆ ಒಂದೂ ಇರಲಿಲ್ಲ. ಈಗ ಅಲ್ಲಿಗೆ ತಂದಿಟ್ಟ ಕುಂಡಗಳನ್ನು ಅವನು ಸರಿಸಿದ. ಆ ಜಾಗದಲ್ಲಿ ಹಾಳೆ ಸವೆದು ಮಾಸಿತ್ತು, ಮಾಸಿದ ಜಾಗಕ್ಕೆ ಚಾಪೆಯ ಹೆಣಿಗೆ ಅಚ್ಚಾಗಿ ಕೂತಿತ್ತು. ಉದ್ದ ಒಬ್ಬ ಆಳಿನಷ್ಟು.

ಫದೀಲಾ ಗಿಡಗಳನ್ನು ಒತ್ತರಿಸಿದ್ದು ಹೆಚ್ಚು ಬೆಳೆಯಲು ಅಲ್ಲ. ಅರ್ಧ ಗುಡಾರ ಖಾಲಿ ಮಾಡಲು.

ಅವನಿಗೆ ತನ್ನ ತೋಳು ನೆನಪಾಯಿತು.

ಸತ್ತ ದಿನ ಗುಡಾರದಿಂದ ತಲೆ ಹೊರಗೆ ತೆಗೆದಾಗ ಅವನ ಅಂಗಿಯ ತೋಳಿಗೆ ಹಳದಿ ಪುಡಿ ಮೆತ್ತಿತ್ತು. ಅವನು ಅದನ್ನು ಕೊಡವಿ ಮುಂದೆ ಹೋಗಿದ್ದ. ಬೇರೆ ಸೀಮೆಯ ಅಧಿಕಾರಿ ಯಾರೇ ಆಗಿದ್ದರೂ ಇದೇನು ಎಂದು ಕೇಳುತ್ತಿದ್ದ. ಕೊನೆಗೆ ಆ ಲರ್ಬಿಯೂ ಕೇಳುತ್ತಿದ್ದ. ಶುಐಬ್ ಕೇಳಲಿಲ್ಲ, ಏಕೆಂದರೆ ಅವನು ಈ ಬೆಟ್ಟದಲ್ಲೇ ಹುಟ್ಟಿದವನು. ಬೇಸಿಗೆ ಬಂತೆಂದರೆ ಇಲ್ಲಿ ಹೆಂಗಸರೆಲ್ಲ ಹೊಲಕ್ಕಿಳಿದು ಗಂಡು ಗಿಡ ಕೀಳುತ್ತಾರೆ. ಕಿತ್ತು ಬಂದವರ ತೋಳು, ತಲೆಬಟ್ಟೆ, ತಟ್ಟಿದ ಬಾರ್ಲಿ ರೊಟ್ಟಿ ಕೂಡ ಹಳದಿ. ಚಿಕ್ಕಂದಿನಲ್ಲಿ ತಾಯಿಯ ಮಡಿಲಿಗೆ ಮುಖ ಒತ್ತಿ ಎದ್ದರೆ ಮೂಗಿನ ತುದಿ ಹಳದಿಯಾಗಿರುತ್ತಿತ್ತು. ಅಂಥವನಿಗೆ ತೋಳಿನ ಮೇಲಿನ ಹೂಪುಡಿ ಸಾಕ್ಷಿಯಾಗಿ ಕಾಣುವುದು ಹೇಗೆ?

ಆದರೆ ಇದು ಹೊಲವಲ್ಲ. ಇಲ್ಲಿರುವುದೆಲ್ಲ ಒಂದೇ ತಾಯಿಗಿಡದ ಕೊಂಬೆ ಕಡಿದು ನೆಟ್ಟದ್ದು, ಎಲ್ಲವೂ ಹೆಣ್ಣು. ಇಲ್ಲಿ ಹಳದಿ ಪುಡಿ ಇರಲೇಬಾರದು.

ಫದೀಲಾ ಒಮ್ಮೆ ಅವನನ್ನೇ ಗದರಿದ್ದಳು. ಸಂಘದ ಪರವಾನಗಿ ತಪಾಸಣೆಗೆಂದು ಸಂಜೆ ಮೀರಿ ಬಂದು, ಕೈಯಲ್ಲಿ ಬ್ಯಾಟರಿ ಹಿಡಿದು ಜಿಪ್ಪಿಗೆ ಕೈ ಹಾಕಿದ್ದ ಅವನು.

"ತೆಗೀಬೇಡಿ ಚಿಕ್ಕಪ್ಪ, ಇದು ಅವುಗಳ ರಾತ್ರಿ. ರಾತ್ರಿ ಹೊತ್ತಲ್ಲಿ ದಿನಾ ಬೆಳಕು ಬಿದ್ರೆ ಇವುಗಳಿಗೆ ತಲೆ ಕೆಡುತ್ತೆ. ಹೆಣ್ಣು ಗಿಡದಲ್ಲೇ ಗಂಡು ಹೂ ಬಂದ್ಬಿಡುತ್ತೆ. ಬೆಳಿಗ್ಗೆ ಬನ್ನಿ, ಟೀ ಕೊಟ್ಟು ತೋರಿಸ್ತೀನಿ."

ಅವನು ನಕ್ಕು ಹೊರಟುಹೋಗಿದ್ದ. ಆ ಮನೆಯಲ್ಲಿ, ಆ ಓಣಿಯಲ್ಲಿ, ರಾತ್ರಿ ಹೊತ್ತು ಆ ಗುಡಾರವನ್ನು ಯಾರೂ ತೆರೆಯುತ್ತಿರಲಿಲ್ಲ. ಬೂಶ್ತಾ ಕೂಡ. ಬೆಟ್ಟದಲ್ಲಿ ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿಲ್ಲ.

ಆ ಭದ್ರವಾದ ಜಾಗದ ಖಾಲಿ ಅರ್ಧದಲ್ಲಿ, ಯಾರೋ ಕತ್ತಲೆ ತಡೆಯಲಾರದೆ ಸಣ್ಣ ದೀಪ ಹಚ್ಚಿಕೊಳ್ಳುತ್ತಿದ್ದರು.

ಸತ್ತವಳ ಮೇಲೆ ಊರು ಹೊರಿಸಿದ ಆಸೆಬುರುಕುತನದ ಮಾತನ್ನು ತಾನೂ ಒಳಗೊಳಗೇ ನಂಬಿದ್ದೆನಲ್ಲ ಎಂದು ಶುಐಬ್‌ಗೆ ನಾಚಿಕೆಯಾಯಿತು.

"ಯಮಿನಾ ಅಮ್ಮ" ಎಂದು ಕರೆದ. "ಒಳಗೆ ಬಾ."

ಅವಳು ಟೀ ತಟ್ಟೆ ಹಿಡಿದೇ ಬಂದಳು. ಲೋಟದಲ್ಲಿ ಪುದೀನ ಎಲೆ ತೇಲುತ್ತಿತ್ತು. ತಟ್ಟೆ ಕೆಳಗಿಟ್ಟು, ತಾನೂ ಹೊಸ್ತಿಲ ಹತ್ತಿರ ಕೂತಳು. ಸೊಂಟಕ್ಕೆ ಸುತ್ತಿದ್ದ ಕೆಂಪು ಬಿಳಿ ಪಟ್ಟೆಯ ಬಟ್ಟೆಯ ಅಂಚು ಹರಿದಿತ್ತು.

"ಗಿಡ ಚೆನ್ನಾಗಿ ನೋಡ್ಕೊಂಡಿದೀಯ" ಎಂದ ಶುಐಬ್.

"ನಾನ್ಯಾಕೆ ನೋಡ್ಕೊಳ್ಳಲಿ? ಮೊಹರು ಹಾಕಿ ಹೋದವನು ನೀನು."

"ಕಟ್ಟಿರೋ ಬಟ್ಟೆ ನಿನ್ನ ಸೊಂಟದ್ದು."

ಯಮಿನಾ ಬಗ್ಗಿ ತನ್ನ ಅಂಚು ನೋಡಿಕೊಂಡಳು. ಮುಚ್ಚಿಡಲು ಹೋಗಲಿಲ್ಲ. "ಹೂಂ. ಕಳ್ಳತನಕ್ಕೆ ಇಳಿದ್ರೂ ಬುದ್ಧಿ ಬೇಕು ಅಂತಾರೆ. ನನಗೆಲ್ಲಿಂದ ಬರಬೇಕು."

"ಹೇಗ್ ಬಂದೆ ಒಳಗೆ?"

ಅವಳು ಗಲ್ಲದಿಂದ ಗುಡಾರದ ಹಿಂಬದಿ ತೋರಿಸಿದಳು. "ಇದು ನಮ್ಮತ್ತೆ ಕಾಲದಲ್ಲಿ ಕಣಜ. ಹಿಂದಿನ ಗೋಡೇಲಿ ಕಾಳು ಸುರಿಯೋ ಕಿಂಡಿ ಇದೆ, ಆಡಿನ ಅಂಗಳಕ್ಕೆ. ಗುಡಾರದ ಬಟ್ಟೆ ಮರೆ ಆಗಿತ್ತು, ನಿನ್ನ ಕಣ್ಣಿಗೆ ಬೀಳಲಿಲ್ಲ. ಬಾಗಿ ನುಗ್ಗಿದ್ರೆ ನನ್ನಂಥೋಳೂ ನುಗ್ಗಬಹುದು."

"ಯಾಕ್ ಬಂದೆ?"

"ಉಸಿರು ಕಟ್ಟಿ ಸಾಯ್ತಿದ್ವು. ಸಾಯಲಿ ಅಂತ ಬಿಡಕ್ಕಾಗುತ್ತಾ? ಅವಳು ಕೈಯಾರೆ ಬೆಳೆಸಿದ್ದು."

"ಗಂಡು ಹೂ ಬಂದಿದ್ದ ಗಿಡ ಎಲ್ಲಿ?"

ಯಮಿನಾ ಒಂದು ಲೋಟ ಎತ್ತಿ ಅವನ ಮುಂದೆ ಇಟ್ಟಳು, ಮತ್ತೆ ಎತ್ತಿ ತಟ್ಟೆಗೇ ಇಟ್ಟಳು.

"ಕಿತ್ತೆ. ಆಡಿಗೆ ಹಾಕಿದೆ" ಎಂದಳು. "ಗಂಡು ಕಂಡ್ರೆ ಈ ಕೈ ಸುಮ್ನಿರಲ್ಲ ಕಣೋ. ಏಳು ವರ್ಷದವಳಿದ್ದಾಗಿಂದ ಕಿತ್ತಿರೋ ಕೈ."

"ಎಲ್ಲಾ ಹಿಂದಿನ ಸಾಲಲ್ಲೇ ಇದ್ವು, ಅಲ್ವಾ? ಖಾಲಿ ಜಾಗಕ್ಕೆ ಮುಖ ಮಾಡ್ಕೊಂಡು?"

ಹಿಂದಿನ ಗೋಡೆಯಾಚೆ ಆಡುಗಳ ಕೊರಳ ಗಂಟೆ ಗಲಗಲ ಎಂದಿತು. ಯಮಿನಾ ಆ ಕಡೆ ತಲೆ ತಿರುಗಿಸಿದಳು.

"ಎಲೆ ವಾಸನೆ ಬಡಿದಿದೆ ಮುಂಡೇವಕ್ಕೆ" ಎಂದಳು. "ಜಿಪ್ಪು ಹಾಕು."

ಅವನು ಜಿಪ್ಪು ಹಾಕಲಿಲ್ಲ. "ಅಮ್ಮ, ಈ ಸೊಸೆ ಆಸೆಬುರುಕಿ ಅಂತ ಊರು ಹೇಳುತ್ತೆ. ನಿನ್ನ ಮನೆ ಅಂಗಳದಲ್ಲೇ ಕೂತು ಹೇಳ್ತಾರೆ. ನೀನು ತಲೆ ಆಡಿಸ್ತಾ ಕೂತ್ಕೊತೀಯ. ಸತ್ತೋಳು ಎದ್ದು ಬಂದು ಅಲ್ಲ ಅನ್ನಲ್ಲ ಅನ್ನೋ ಧೈರ್ಯನಾ?"

"ಹಾಗನ್ನಬೇಡ."

"ಇಲ್ಲಿ ಯಾರು ಮಲಗ್ತಿದ್ರು?"

"ಹಾಗನ್ನಬೇಡ ಶುಐಬ್. ಅವಳು ನನಗೆ ಮಗಳಿಗಿಂತ ಹೆಚ್ಚು."

"ಯಾರು ಮಲಗ್ತಿದ್ರು?"

ಅವಳು ತುಟಿ ಕಚ್ಚಿಕೊಂಡಳು. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ಆ ಜಾಗದಲ್ಲಿ ನಿಂತವಳ ಮುಖ ಅದು. ಶುಐಬ್ ಅನೇಕ ಮುಖ ನೋಡಿದವನು. ಇಂಥದ್ದನ್ನು ಹೆಚ್ಚು ಹಿಂಡಬಾರದು, ಒಂದು ಹೆಸರು ಕೊಟ್ಟು ಕಾಯಬೇಕು.

"ಲೂಯಿಜಾ" ಎಂದ.

ಯಮಿನಾಳ ಭುಜ ಕುಸಿಯಿತು.

ಲೂಯಿಜಾ ಎಂದರೆ ಬೂಶ್ತಾನ ಹೆಂಡತಿ, ಫದೀಲಾಳ ಓರಗಿತ್ತಿ. ಬಟ್ಟೆ ಮಾರುವವನ ಹಿಂದೆ ಟ್ಯಾಂಜಿಯರಿಗೆ ಓಡಿಹೋದಳು ಎಂದು ಇಡೀ ಬೆಟ್ಟಕ್ಕೆ ಗೊತ್ತಿದ್ದ ಹೆಂಗಸು. ಓಡಿಹೋಗುವ ಮುಂಚೆ ಒಂದು ವಾರ ಅವಳ ಒಂದು ಕಣ್ಣು ಮುಚ್ಚಿಕೊಂಡೇ ಇತ್ತು ಎನ್ನುವುದೂ ಗೊತ್ತಿತ್ತು, ಆದರೆ ಅದನ್ನು ಯಾರೂ ಜೋರಾಗಿ ಹೇಳುತ್ತಿರಲಿಲ್ಲ. ಬೂಶ್ತಾ ತನ್ನ ಟ್ಯಾಕ್ಸಿ ತೆಗೆದುಕೊಂಡು ಟ್ಯಾಂಜಿಯರ್ ಸುತ್ತಿದ, ತೆತುವಾನ್ ಸುತ್ತಿದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

"ಎಲ್ಲಿಗೂ ಹೋಗಿರಲಿಲ್ಲ" ಎಂದಳು ಯಮಿನಾ. "ಹೋಗೋಕೆ ದಾರಿ ಎಲ್ಲಿದೆ? ಇರೋದೊಂದು ರಸ್ತೆ, ಆ ರಸ್ತೇಲಿ ಓಡೋರೆಲ್ಲ ಇವನ ಜೊತೆಗಾರರು. ಒಂದ್ಸಲ ಹೊರಟಿದ್ಲು, ಕೆಳಗಿನ ತಿರುವಿಂದ್ಲೇ ಕರ್ಕೊಂಡ್ಬಂದು ಬಿಟ್ರು, 'ತಗೋ ನಿನ್ನ ಸಾಮಾನು' ಅಂತ. ಆವತ್ತು ಅವಳು ಎದ್ದು ನಿಲ್ಲೋ ಹಾಗಿರಲಿಲ್ಲ. ಮಾರನೇ ದಿನ ಫದೀಲಾ ನನ್ನ ಹತ್ರ ಬಂದು, 'ಅತ್ತೆ, ಇವಳು ಓಡಿಹೋದ್ಲು ಅಂತ ನೀವೇ ಅಳಬೇಕು, ನೀವು ಅತ್ರೆ ಎಲ್ರೂ ನಂಬ್ತಾರೆ' ಅಂದ್ಲು. ಅತ್ತುಬಿಟ್ಟೆ. ಎಲ್ಲರೂ ನಂಬಿದ್ರು."

"ಬೆಲ್ಜಿಯಂನಲ್ಲಿ ಅವಳ ಅಣ್ಣ ಇದಾನಲ್ಲ."

"ಅವನು ಬರೋವರೆಗೆ ಅಂತಾನೇ ಇಟ್ಕೊಂಡಿದ್ದು. ರಂಜಾನಿಗೆ ಬರ್ತೀನಿ ಅಂದ, ಬರ್ಲಿಲ್ಲ. ಹಬ್ಬಕ್ಕೆ ಅಂದ. ಹಗಲು ಬೂಶ್ತಾ ಟ್ಯಾಕ್ಸಿ ಓಡಿಸೋಕೆ ಹೋದ ಮೇಲೆ ನಮ್ಮ ಜೊತೆ ಒಲೆ ಮುಂದೆ ಕೂತ್ಕೊಳ್ಳೋಳು. ರಾತ್ರಿ ಆದ್ರೆ ಗುಡಾರ. ಗಿಡಗಳ ರಾತ್ರಿಯೇ ಅವಳಿಗೂ ರಾತ್ರಿ. ಪಾಪ, ಕತ್ತಲೆ ಅಂದ್ರೆ ಹೆದರೋಳು. ಫೋನಿನ ದೀಪ ಮಡಿಲಲ್ಲಿ ಮುಚ್ಚಿಟ್ಕೊಂಡು ಮಲಗೋಳು. ಫದೀಲಾ ಗಂಡು ಹೂ ನೋಡಿದ್ಲು. ನೋಡಿ, 'ಬಿಡಿ ಅತ್ತೆ, ಬೆಳೆ ಮುಂದಿನ ಸಲ ಬರುತ್ತೆ' ಅಂದ್ಲು. ಸಂಘದೋರು ಬಂದು ಛೀಮಾರಿ ಹಾಕಿದ್ರು, ಗಿಡ ಒತ್ತೊತ್ತಾಗಿ ಇಡಬೇಡಿ ಅಂತ ಊರಿಗೆಲ್ಲ ಕಲಿಸಿದವಳೇ ನೀನು, ನಿನಗೇನು ಬಂತು ಅಂತ. ತಲೆ ತಗ್ಗಿಸ್ಕೊಂಡು ಕೇಳಿಸ್ಕೊಂಡ್ಲು."

ಟೀ ಆರುತ್ತಿತ್ತು. ಯಾರೂ ಮುಟ್ಟಿರಲಿಲ್ಲ.

"ಬೂಶ್ತಾನಿಗೆ ಹೇಗ್ ಗೊತ್ತಾಯ್ತು?"

"ಗೊತ್ತಾಗಲಿಲ್ಲ. ಅದೇ ನನ್ನ ಹಣೆಬರಹ. ಗೊತ್ತಾಗಲಿಲ್ಲ." ಅವಳು ಎರಡೂ ಅಂಗೈಯನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡಳು. "ಅವನಿಗೆ ಜಿಪ್ಪಿನ ಸಂದೀಲಿ ಬೆಳಕು ಕಂಡಿದೆ. ಯಾರೋ ಗಂಡಸನ್ನ ಒಳಗೆ ಇಟ್ಕೊಂಡಿದಾಳೆ ಅತ್ತಿಗೆ ಅಂತ ತಿಳ್ಕೊಂಡ. ಅಣ್ಣನ ಮನೇಲಿ, ಅಣ್ಣನ ಹೆಂಡತಿ. ಫದೀಲಾ ಗುಡಾರದ ಬಾಯಿಗೆ ಅಡ್ಡ ನಿಂತ್ಲು. 'ಇದು ಅವುಗಳ ರಾತ್ರಿ, ತೆಗೀಬೇಡ' ಅಂದ್ಲಂತೆ. ಅಷ್ಟೇ ಅಂದಿದ್ದು. ಇವನು ಕೂದಲಿಗೆ ಕೈ ಹಾಕಿ ಹೊಲದ ಕಡೆ ಎಳ್ಕೊಂಡು ಹೋದ, ಯಾರು ಒಳಗೆ ಇರೋದು ಹೇಳು ಅಂತ."

"ಅವಳು ಹೇಳಲಿಲ್ಲ."

"ಹೇಳಿದ್ರೆ ಬದುಕ್ತಿದ್ಲೋ ಏನೋ."

ಇಷ್ಟು ದಿನ ಶುಐಬ್ ಹುಡುಕಿದ್ದು ಒಂದು ಜಗಳದ ಕಾರಣವನ್ನು. ಸಿಕ್ಕಿದ್ದು ಒಬ್ಬ ಹೆಂಗಸಿನ ಮೌನ. ಒಂದು ಹೆಸರು ಬಾಯಿ ಬಿಟ್ಟಿದ್ದರೆ ಅವಳು ಈಗ ಇಲ್ಲಿ ಕೂತು ಎಲೆ ಚಿವುಟುತ್ತಿದ್ದಳು. ಅವನ ಕಣ್ಣು ತುಂಬಿತು, ಒರೆಸಿಕೊಳ್ಳಲು ಅವನು ನಾಚಲಿಲ್ಲ.

"ಇದನ್ನೆಲ್ಲ ನಿನಗೆ ಹೇಳಿದ್ದು ಲೂಯಿಜಾನಾ?"

"ಗುಡಾರದೊಳಗೆ ಕೂತು ಎಲ್ಲ ಕೇಳಿಸ್ಕೊಂಡಿದಾಳೆ. ಬೆಳಗಾಗೋ ಮುಂಚೆ ಒಂದೇ ಸಲ ನನಗೆ ಹೇಳಿದ್ಲು. ಆಮೇಲಿಂದ ಬಾಯಿ ಬಿಟ್ಟಿಲ್ಲ. ತುತ್ತು ಬಾಯಿಗಿಟ್ರೆ ನುಂಗ್ತಾಳೆ, ಇಡದಿದ್ರೆ ಇಲ್ಲ."

"ನೀನು ನನಗ್ಯಾಕೆ ಹೇಳಲಿಲ್ಲ?"

ಗೋಡೆಯಾಚೆ ಗಂಟೆ ಮತ್ತೊಮ್ಮೆ ಗಲಗಲಿಸಿ, ಹಠಾತ್ತನೆ ನಿಂತಿತು. ಈ ಸಲ ಯಮಿನಾ ತಿರುಗಿ ನೋಡಲಿಲ್ಲ.

"ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ" ಎಂದಳು. "ಮುದ್ದಲ್ಲ ಕಣೋ. ಅವನು ಏನು ಅಂತ ನನಗೆ ಗೊತ್ತಿಲ್ವಾ? ಅವರಪ್ಪನ ಕೈ ಕೂಡ ಹಾಗೇ ಇತ್ತು. ಇಬ್ಬರನ್ನ ಹೆತ್ತೆ, ಒಬ್ಬನ್ನ ಕಲ್ಲು ತಿಂತು, ಉಳಿದಿರೋದು ಇದೊಂದು. ಬೇಸಿಗೆ ಬೇಸಿಗೆ ಗಂಡು ಗಿಡ ಕಿತ್ತಿದೀನಿ, ಎಣಿಸೋಕೆ ಆಗದಷ್ಟು ಕಿತ್ತಿದೀನಿ. ಇದೊಂದನ್ನ ಕೀಳೋಕೆ ನನ್ನ ಕೈಲಿ ಆಗಲಿಲ್ಲ."

"ಈಗ ಹೇಳ್ತಿದೀಯಲ್ಲ."

"ನೀನು ಅವನನ್ನ ಬಿಟ್ಟುಬಿಟ್ಟೆ ಅಂದ್ಯಲ್ಲ." ಅವಳ ದನಿಯಲ್ಲಿ ಮೊದಲ ಬಾರಿಗೆ ಸಿಟ್ಟು ಕಾಣಿಸಿತು. "ಠಾಣೇಲಿದ್ರೆ ಅವನೂ ಬದುಕಿರ್ತಿದ್ದ, ಇಲ್ಲಿ ಅವಳೂ ಬದುಕಿರ್ತಿದ್ಲು. ದೂರ ದೂರ ಇಟ್ರೆ ಎರಡೂ ಉಳಿಯುತ್ವೆ ಅಂತ ಫದೀಲಾ ಹೇಳೋಳು, ಗಿಡಕ್ಕೆ. ನಾನೂ ಹಾಗೇ ಇಟ್ಟಿದ್ದೆ. ಅಣ್ಣ ಬರ್ತಾನೆ, ಕರ್ಕೊಂಡು ಹೋಗ್ತಾನೆ, ಆಮೇಲೆ ನಾನೇ ಬಂದು ನಿನ್ನ ಹತ್ರ ಹೇಳ್ತೀನಿ ಅಂತಿದ್ದೆ. ನೀನ್ ಬಂದು ಬಿಟ್ಟಿದೀವಮ್ಮ ಅಂತೀಯ, ಹಬ್ಬದ ಉಡುಗೊರೆ ತಂದ ಹಾಗೆ."

ಅವನಿಗೆ ಆ ಮಾತು ನಾಟಿತು. ನಾಟಬೇಕಾದದ್ದೇ.

"ಲೂಯಿಜಾ ಎಲ್ಲಿ?"

"ಕೊಟ್ಟಿಗೇಲಿ. ಅಟ್ಟದ ಮೇಲೆ, ಹುಲ್ಲಿನ ಹಿಂದೆ. ಕರ್ಕೊಂಡು ಹೋಗು. ಈಗ್ಲೇ ಹೋಗು, ಮಧ್ಯಾಹ್ನದ ಟ್ಯಾಕ್ಸಿ ಬರೋ ಮುಂಚೆ. ನಿನ್ನ ಹೆಂಡತಿ ಹತ್ರ ಬಿಡು, ಬಾಗಿಲಿಗೆ ಚಿಲಕ ಹಾಕ್ಸು." ಅವಳು ಅವನ ತೋಳು ಹಿಡಿದುಕೊಂಡಳು. "ನಾನು ಏನು ಹೇಳಬೇಕೋ ಹೇಳ್ತೀನಿ. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಅವನೇ ಕೊಂದಿದ್ದು. ನನ್ನ ಮಗನೇ ಕೊಂದಿದ್ದು."

ಹೇಳಿ ಮುಗಿಸಿದವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು, ಆಡಿದ ಮಾತನ್ನು ಮತ್ತೆ ಒಳಗೆ ತಳ್ಳುವವಳ ಹಾಗೆ.

ಶುಐಬ್ ಎದ್ದ. ಮುಂಬಾಗಿಲಿಂದ ಹೊರಬಂದು ಮನೆಯ ಮಗ್ಗುಲು ಬಳಸಿ ಆಡಿನ ಅಂಗಳಕ್ಕೆ ನಡೆದ. ಯಮಿನಾ ಚಪ್ಪಲಿ ಎಳೆಯುತ್ತ ಹಿಂದೆಯೇ ಬಂದಳು. ಕೆಳಗೆ ಜೀಪಿನಲ್ಲಿ ಲರ್ಬಿ ರೇಡಿಯೋ ಹಾಕಿಕೊಂಡು ಕೂತಿದ್ದ. ರಸ್ತೆಯ ತಿರುವಿನಲ್ಲಿ ಇನ್ನೂ ಯಾವ ಟ್ಯಾಕ್ಸಿಯೂ ಕಾಣುತ್ತಿರಲಿಲ್ಲ. ಸಮಯ ಇದೆ ಎಂದುಕೊಂಡ.

ಆಡುಗಳೆಲ್ಲ ಒಂದು ಮೂಲೆಗೆ ಒತ್ತಿಕೊಂಡು ನಿಂತಿದ್ದವು.

ಅಟ್ಟಕ್ಕೆ ಏಣಿ ಹಾಕಿತ್ತು. ಅವನು ಹತ್ತಿ ಹುಲ್ಲು ಸರಿಸಿದ. ಮಡಿಸಿದ ಕಂಬಳಿ, ಅರ್ಧ ರೊಟ್ಟಿ, ಒಂದು ಬಟ್ಟಲು ಎಣ್ಣೆ. ಸುತ್ತಿಟ್ಟ ಚಾಪೆ. ಹುಲ್ಲಿನಲ್ಲಿ ಮೈಯ ಗುಂಡಿ ಇನ್ನೂ ಬೆಚ್ಚಗಿತ್ತು, ಆದರೆ ಲೂಯಿಜಾ ಇರಲಿಲ್ಲ.

"ಇದಾಳಾ?" ಕೆಳಗಿನಿಂದ ಯಮಿನಾ ಕೇಳಿದಳು.

ಅವನು ಉತ್ತರ ಕೊಡದೆ ಇಳಿದ. ಇಳಿಯುವಾಗ ಅವನ ಕಣ್ಣು ಕಣಜದ ಹಿಂಗೋಡೆಯ ಕಿಂಡಿಯ ಮೇಲೆ ಬಿತ್ತು. ಅದರ ಹಲಗೆ ಸರಿದಿತ್ತು. ಆ ಸಂದಿಯಲ್ಲಿ ಗುಡಾರದ ಕಪ್ಪು ಬಟ್ಟೆ ಕಾಣುತ್ತಿತ್ತು, ಮತ್ತು ಆ ಬಟ್ಟೆಯಾಚೆ, ಈಗಷ್ಟೇ ಅವರಿಬ್ಬರೂ ಕೂತಿದ್ದ ಜಾಗ.

ಕಿಂಡಿಯ ಕೆಳಗೆ ಒಂದು ಕಂದು ಕ್ಯಾನ್ವಾಸ್ ಚೀಲ ಬಿದ್ದಿತ್ತು. ಠಾಣೆಯಲ್ಲಿ ಒಳಗೆ ಹಾಕುವವರ ಬೆಲ್ಟು, ಬೂಟಿನ ಲೇಸು ಬಿಚ್ಚಿಸಿ ಇಡುವ ಚೀಲ, ಬಿಡುವಾಗ ಕೈಗೆ ಕೊಡುವುದು. ಈ ಬೆಳಿಗ್ಗೆ ಅವನೇ ಬೂಶ್ತಾನ ಕೈಗೆ ಕೊಟ್ಟಿದ್ದ. ಬೂಶ್ತಾ ಟ್ಯಾಕ್ಸಿಗೆ ಕಾಯದೆ, ಊರ ಕಣ್ಣು ತಪ್ಪಿಸಿ ಮೇಲಿನ ಕಾಲುದಾರಿಯಲ್ಲಿ ನಡೆದು ಬಂದಿದ್ದ.

ಶುಐಬ್ ಚೀಲ ಎತ್ತಿಕೊಂಡ. ಲೇಸುಗಳು ಒಳಗೇ ಇದ್ದವು. ಅವನ್ನು ಕಟ್ಟಿಕೊಳ್ಳಲೂ ಬೂಶ್ತಾನಿಗೆ ಪುರಸೊತ್ತಾಗಿರಲಿಲ್ಲ.

ಯಮಿನಾ ಚೀಲ ನೋಡಿದಳು, ಕಿಂಡಿ ನೋಡಿದಳು. ಅವಳಿಗೆ ಎಲ್ಲ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಳಗಿದ್ದದ್ದು ಗಂಡಸಲ್ಲ, ತನ್ನ ಹೆಂಡತಿ ಎಂದು ಬೂಶ್ತಾ ಈ ಹೊತ್ತು ತಿಳಿದ. ಹೇಳಿದ್ದು ಹೆತ್ತ ತಾಯಿ, ತಾನು.

"ಅವನು ಕೇಳಿಸ್ಕೊಂಡನಾ?" ಎಂದಳು. "ಕೊನೇಲಿ ನಾನು ಹೇಳಿದ್ನಲ್ಲ, ಅದೂ ಕೇಳಿಸ್ಕೊಂಡನಾ?"

"ಅಮ್ಮ, ನೀನು ಒಳಗೆ ಹೋಗು."

"ಅವಳನ್ನ ಕೊಲ್ತಾನೆ. ಓಡು ಶುಐಬ್, ಅವಳನ್ನೂ ಕೊಲ್ತಾನೆ."

ಅವನು ಓಡಲು ತಿರುಗಿದ. ಆಡು ನೀರು ಕುಡಿಯುವ ತೊಟ್ಟಿಯ ಸುತ್ತ ನೆಲ ಕೆಸರಾಗಿತ್ತು. ಕಿಂಡಿಯಿಂದ ಹೊರಟ ಬೂಟಿನ ಗುರುತು ಆ ಕೆಸರು ದಾಟಿ, ಗೋಡೆ ಹತ್ತಿ, ದೇವದಾರು ಕಾಡಿನ ಕಡೆಗೆ ಹೋಗಿತ್ತು. ಹಿಮ್ಮಡಿ ಎಳೆದೆಳೆದು ನಡೆದ ಗುರುತು. ಅದು ಅಟ್ಟದ ಏಣಿಯ ಹತ್ತಿರ ಸುಳಿದೇ ಇರಲಿಲ್ಲ.

ಪಕ್ಕದಲ್ಲಿ ಇನ್ನೊಂದು ಗುರುತಿತ್ತು. ಏಣಿಯಿಂದ ಇಳಿದು ಬಂದ, ಸಣ್ಣ ಬರಿಗಾಲಿನ ಗುರುತು. ಅದೂ ಕಾಡಿನ ಕಡೆಗೇ ಹೋಗಿತ್ತು, ಎಲ್ಲಿಯೂ ಎಳೆದ ಜಾಡಿಲ್ಲ, ಎಡವಿದ ಜಾಡಿಲ್ಲ. ಗೋಡೆಯ ಬುಡದಲ್ಲಿ ಎರಡೂ ಒಂದೇ ಕಡೆ ಬಿದ್ದಿದ್ದವು. ಶುಐಬ್ ಬಗ್ಗಿ ನೋಡಿದ. ಬೂಟಿನ ಅಚ್ಚಿನ ಮೇಲೆ ಬರಿಗಾಲಿನ ಬೆರಳು ಒತ್ತಿ ಕೂತಿದ್ದವು.

ಮುಂದೆ ಹೋದವನು ಬೂಶ್ತಾ. ಹಿಂದೆ ಹೋದವಳು ಲೂಯಿಜಾ.

ಅವನು ಕೊಟ್ಟಿಗೆಯ ಕಂಬದ ಕಡೆ ನೋಡಿದ. ಕುಡುಗೋಲಿನ ಗೂಟ ಖಾಲಿ ಇತ್ತು.

"ನಿಂತ್ಯಲ್ಲೋ" ಎಂದಳು ಯಮಿನಾ ಬೆನ್ನ ಹಿಂದೆ, ಅಳುತ್ತ. "ಹೋಗಿ ಅವಳನ್ನ ಉಳಿಸೋ."

ಓಡಬೇಕಾದದ್ದು ಅವಳ ಮಗನನ್ನು ಉಳಿಸಲು ಎಂದು ಆ ತಾಯಿಗೆ ಹೇಳುವ ಬಾಯಿ ಶುಐಬ್‌ಗೆ ಬರಲಿಲ್ಲ.